ನಾಲ್ಕನೇ ಯಂತ್ರದ ಪುಟ

ಗ್ಲೆನಿಸ್ ರಿಡ್ಸ್‌ಡೇಲ್‌ಗೆ ಕಾಗದದ ಮೇಲೆ ನಂಬಿಕೆ ಇರಲಿಲ್ಲ. ಇಂಗ್ಲೆಂಡಿನ ಹಲ್ ಊರಿನ ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದು ಇಸ್ತ್ರಿ ಸಾಲಿನ ಮೇಸ್ತ್ರಿಯಾದವಳು ಅವಳು. ಮಹಡಿಯ ಆಫೀಸಿನಿಂದ ಯಾವ ಕಾಗದ ಇಳಿದು ಬಂದರೂ ಓದದೆ ರುಜು ಹಾಕಿ ವಾಪಸು ಕಳಿಸುತ್ತಿದ್ದಳು. "ಕಾಗದ ಅವರದು, ಕೈ ನಮ್ಮದು" ಅನ್ನುವುದು ಅವಳ ಮಾತು.

ಫೆಬ್ರವರಿಯ ಒಂದು ಸೋಮವಾರ ಬೆಳಿಗ್ಗೆ ಆರು ಗಂಟೆಗೆ, ಪಾಳಿ ಶುರುವಾಗುವ ಹೊತ್ತಿಗೆ ಸರಿಯಾಗಿ ಹೆಸ್ಟರ್ ಕಾವುಡ್ ಬಂದು ಸಾಲಿನ ತುದಿಯಲ್ಲಿ ನಿಂತಾಗ ಗ್ಲೆನಿಸ್‌ಗೆ ಅಚ್ಚರಿಗಿಂತ ಬೇಸರವೇ ಹೆಚ್ಚಾಯಿತು. ಹೆಸ್ಟರ್ ಕಂಪನಿಯ ಮೂರೂ ಲಾಂಡ್ರಿಗಳ ಸುರಕ್ಷತಾ ಅಧಿಕಾರಿ. ಯಾವ ಕೆಲಸದಲ್ಲಿ ಏನು ಅಪಾಯ, ಅದು ಯಾರಿಗೆ, ಅದನ್ನು ತಡೆಯಲು ಏನು ಮಾಡಲಾಗಿದೆ ಎಂದು ಬರೆದಿಡುವುದು ಅವಳ ಕೆಲಸ. ಅವಳು ಬರೆದದ್ದನ್ನೆಲ್ಲ ಸೇರಿಸಿದ ದಪ್ಪ ನೀಲಿ ಕಡತವನ್ನು ಹೆಂಗಸರು ಅಪಾಯದ ಪುಸ್ತಕ ಅನ್ನುತ್ತಿದ್ದರು. ನಲವತ್ತು ದಾಟಿದ ಬಡಕಲು ಹೆಂಗಸು, ಮಾತು ಕಡಿಮೆ. ವರ್ಷಕ್ಕೆರಡು ಸಲ ಬಂದು, ಮೇಲೆ ಮ್ಯಾನೇಜರ್ ಜೊತೆ ಕೂತು, ಹೋಗುವಾಗ ಕೆಳಗೆ ಒಂದು ಸುತ್ತು ಹಾಕಿ ಹೊರಡುವವಳು. ಈ ಸಲ ನೇರವಾಗಿ ಕೆಳಗೇ ಬಂದಿದ್ದಳು.

"ನನಗೂ ಒಂದು ನಿಲುವಂಗಿ ಕೊಡ್ತೀರಾ ಗ್ಲೆನಿಸ್? ಈ ವಾರ ಪೂರ್ತಿ ನಾಲ್ಕನೇ ಯಂತ್ರದಲ್ಲಿ ನಿಲ್ತೀನಿ."

"ನಿಂತ್ಕೊಂಡು ಏನ್ ಮಾಡ್ತೀರಿ?"

"ನೀವೇನ್ ಮಾಡ್ತೀರೋ ಅದೇ."

"ಮಾಡಿ ತಾಯಿ, ಬೇಡ ಅಂದೋರ್ಯಾರು. ಹನ್ನೊಂದು ಗಂಟೆಗೆ ಸೊಂಟ ಹಿಡ್ಕೊಳ್ಳತ್ತೆ, ಅದನ್ನೂ ಪುಸ್ತಕದಲ್ಲಿ ಬರ್ಕೊಳ್ಳಿ."

ಸಾಲಿನ ಹೆಂಗಸರು ನಕ್ಕರು. ಹೆಸ್ಟರ್ ಕೂಡ ನಕ್ಕು ಅಂಗಿ ತೊಟ್ಟಳು.

ನಾಲ್ಕನೇ ಯಂತ್ರ ಆ ಲಾಂಡ್ರಿಯಲ್ಲಿ ಎಲ್ಲಕ್ಕಿಂತ ಹಳೆಯದು. ಎರಡಾಳು ಉದ್ದದ ಕಬ್ಬಿಣದ ಉರುಳೆ ಒಳಗಿನ ಹಬೆಯಿಂದ ಕಾದು ತಿರುಗುತ್ತಿರುತ್ತದೆ. ಒದ್ದೆ ಹಾಸುಬಟ್ಟೆಯ ಎರಡು ಮೂಲೆ ಹಿಡಿದು ಬಾಯಿಗೆ ಕೊಟ್ಟರೆ ಆ ಕಡೆಯಿಂದ ಗರಿಗರಿಯಾಗಿ ಹೊರಗೆ ಬರುತ್ತದೆ. ಬಾಯಿಯ ಮುಂದೆ ಅಡ್ಡಲಾಗಿ ಒಂದು ಕಾವಲು ಪಟ್ಟಿ. ಕೈ ತಗಲಿದರೆ ಸಾಕು, ಪಟ್ಟಿ ಹಿಂದಕ್ಕೆ ಸರಿದು ಯಂತ್ರ ನಿಂತುಬಿಡುತ್ತದೆ. ಒಳ್ಳೆಯ ಏರ್ಪಾಡೇ. ಆದರೆ ಒಮ್ಮೆ ನಿಂತ ಯಂತ್ರವನ್ನು ಮತ್ತೆ ಹೊರಡಿಸಲು ಹಬೆಕೋಣೆಯಿಂದ ಬೀಗದ ಕೈ ಬರಬೇಕು, ಉರುಳೆ ಮತ್ತೆ ಕಾಯಬೇಕು, ಅಷ್ಟರಲ್ಲಿ ಹನ್ನೊಂದು ನಿಮಿಷ. ನಾಲ್ಕನೇ ಯಂತ್ರಕ್ಕೋ ಬಟ್ಟೆ ಹೊರಗೆ ಬಿಡದೆ ಉರುಳೆಗೆ ಸುತ್ತಿಕೊಳ್ಳುವ ಚಾಳಿ. ಪಾಳಿಗೆ ಎಂಟೊಂಬತ್ತು ಸಲ. ಮಧ್ಯಾಹ್ನ ಎರಡಕ್ಕೆ ಆಸ್ಪತ್ರೆಯ ಲಾರಿ ಹೊರಡಲೇಬೇಕು.

ಅದಕ್ಕೆ ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಬಟ್ಟೆ ಒಣಗಿಸುವ ಮರದ ಕ್ಲಿಪ್ಪೊಂದನ್ನು ಕಾವಲು ಪಟ್ಟಿಯ ಸಂದಿಗೆ ಸಿಕ್ಕಿಸಿದರೆ ಪಟ್ಟಿ ಅಲ್ಲಾಡುವುದಿಲ್ಲ. ಯಂತ್ರ ತಿರುಗುತ್ತಿರುವಾಗಲೇ ಕೈ ಒಳಗೆ ಹಾಕಿ, ಸುತ್ತಿಕೊಂಡ ಬಟ್ಟೆಯ ಅಂಚು ಹುಡುಕಿ ಎಳೆದರೆ ಮುಗಿಯಿತು. ಅರ್ಧ ನಿಮಿಷದ ಕೆಲಸ. ಈ ಉಪಾಯ ಕಂಡುಹಿಡಿದವಳು ಗ್ಲೆನಿಸಳೇ. ಹೊಸದಾಗಿ ಬಂದವರಿಗೆಲ್ಲ ಕಲಿಸಿದವಳೂ ಅವಳೇ.

ಸೋಮವಾರ, ಮಂಗಳವಾರ ಆ ಕ್ಲಿಪ್ಪು ಗ್ಲೆನಿಸಳ ಜೇಬಿನಲ್ಲೇ ಉಳಿಯಿತು. ಬಟ್ಟೆ ಸುತ್ತಿಕೊಂಡಾಗಲೆಲ್ಲ ಯಂತ್ರ ನಿಲ್ಲಿಸಿದರು, ಬೀಗದ ಕೈಗೆ ಕಾದರು. ಒದ್ದೆ ಬಟ್ಟೆಯ ಗಾಡಿಗಳು ದಾರಿಯುದ್ದಕ್ಕೂ ಸಾಲುಗಟ್ಟಿದವು. ಎರಡು ದಿನವೂ ಲಾರಿ ಅರ್ಧ ಖಾಲಿ ಹೋಯಿತು. ಮ್ಯಾನೇಜರ್ ನೆವಿಲ್ ಸ್ಟಾದರ್ ಮೆಟ್ಟಿಲ ಮೇಲೆ ನಿಂತು ಇಣುಕಿ, ಹೆಸ್ಟರ್ ಮೂಲೆ ಹಿಡಿದು ಬಟ್ಟೆ ಕೊಡುತ್ತಿರುವುದನ್ನು ಕಂಡು ಮೇಲಕ್ಕೆ ಹೋದ. ಹೆಸ್ಟರ್‌ಗೆ ಸೊಂಟ ಹಿಡಿದುಕೊಂಡದ್ದು ನಿಜ. ಅವಳು ಅದನ್ನು ಬಾಯಿಬಿಟ್ಟು ಹೇಳಲಿಲ್ಲ, ಕೂರಲೂ ಇಲ್ಲ. ಬೇಗ ಹೋಗಲಿ ಈಕೆ ಎಂದು ಕಾಯುತ್ತಿದ್ದ ಗ್ಲೆನಿಸ್ ಅದನ್ನು ಗಮನಿಸಿದಳು.

ಬುಧವಾರ ಚಹಾದ ಹೊತ್ತು. ಗ್ಲೆನಿಸ್ ಬನ್ನಿನೊಳಗೆ ಆಲೂಗಡ್ಡೆ ಪ್ಯಾಟಿ ಇಟ್ಟುಕೊಂಡು ತಿನ್ನುತ್ತಿದ್ದಳು. ಹೆಸ್ಟರ್ ಎದುರಿಗೆ ಕೂತು ಗಾಯಗಳ ದಾಖಲೆಯ ಮೂರು ಹಾಳೆ ಮೇಜಿನ ಮೇಲಿಟ್ಟಳು.

"ಒಂಬತ್ತು ತಿಂಗಳಲ್ಲಿ ಮೂರು ಸುಟ್ಟಗಾಯ. ಮೂರರಲ್ಲೂ ಕಾರಣ ಒಂದೇ, ಚಹಾದ ಕೆಟಲ್ ತಗಲಿ. ಮೂರೂ ಬಲಗೈಗೆ. ಚಿತ್ರ ನೋಡಿ, ಮೂರೂ ಸ್ಕೇಲ್ ಇಟ್ಟು ಗೀಟು ಎಳೆದ ಹಾಗಿದೆ. ಕೆಟಲ್ ದುಂಡಗಿರತ್ತಲ್ಲ ಗ್ಲೆನಿಸ್?"

ಗ್ಲೆನಿಸ್ ಅಗಿಯುವುದನ್ನು ನಿಲ್ಲಿಸಿದಳು. ಕೊನೆಯ ಗಾಯ ಬೊಜೆನಾ ವಿಲ್ಕ್ ಎಂಬಾಕೆಯದು. ಪೋಲೆಂಡಿನಿಂದ ಬಂದು ಏಳು ತಿಂಗಳಾದ ಹೆಂಗಸು, ಆ ಮೇಜಿನ ತುದಿಯಲ್ಲೇ ಕೂತಿದ್ದಳು. ಅವಳು ಅಂಗಿಯ ತೋಳು ಕೆಳಗೆಳೆದುಕೊಂಡಳು.

"ನಮ್ಮನ್ನ ಕೆಲಸದಿಂದ ತೆಗೆಸೋಕೆ ಬಂದಿದೀರಾ?" ಗ್ಲೆನಿಸ್ ಕೇಳಿದಳು. "ಯಂತ್ರ ನಿಲ್ಲಿಸಿಯೇ ಕೈ ಹಾಕ್ತೀವಿ ಅಂತ ನಿಮ್ಮ ಪುಸ್ತಕದಲ್ಲಿ ನಾವೆಲ್ಲ ರುಜು ಹಾಕಿದೀವಿ. ತಪ್ಪು ಯಾರ ತಲೆಗೆ ಬರತ್ತೆ ಅಂತ ನಮಗೂ ಗೊತ್ತು."

ಹೆಸ್ಟರ್ ಚೀಲದಿಂದ ನೀಲಿ ಕಡತ ತೆಗೆದು ನಾಲ್ಕನೇ ಯಂತ್ರದ ಪುಟ ಬಿಡಿಸಿದಳು.

"ಇದನ್ನ ಎರಡು ವರ್ಷದ ಕೆಳಗೆ ಬರೆದೋಳು ನಾನು. ಮೇಲೆ ಆಫೀಸಲ್ಲಿ ಕೂತು, ಯಂತ್ರದ ಜೊತೆ ಬಂದ ಪುಸ್ತಕ ನೋಡ್ಕೊಂಡು, ಅರ್ಧ ಗಂಟೇಲಿ ಮುಗಿಸಿದೆ. ನಿಮ್ಮಲ್ಲಿ ಒಬ್ಬರನ್ನೂ ಕೇಳಲಿಲ್ಲ. ಬಟ್ಟೆ ಸುತ್ಕೊಳ್ಳತ್ತೆ ಅಂತಾನೇ ನನಗೆ ಗೊತ್ತಿರಲಿಲ್ಲ. ಸುಳ್ಳು ಮೊದಲು ಬರೆದಿದ್ದು ನಾನು. ನಿಮ್ಮ ಕೈಲಿ ರುಜು ಹಾಕಿಸಿದ್ದೂ ನಾನೇ. ಅದಕ್ಕೆ ನಿಮ್ಮ ಕ್ಷಮೆ ಕೇಳಬೇಕು, ಕೇಳ್ತಿದೀನಿ."

ಮೇಲಿನಿಂದ ಇಳಿದು ಬಂದವರ ಬಾಯಲ್ಲಿ ಅಂಥ ಮಾತನ್ನು ಗ್ಲೆನಿಸ್ ಇಪ್ಪತ್ತೆರಡು ವರ್ಷದಲ್ಲಿ ಕೇಳಿರಲಿಲ್ಲ. ಇದೂ ಒಂದು ಬಲೆಯೋ ಏನೋ ಎಂದು ಹೆಸ್ಟರಳ ಮುಖ ನೋಡಿದಳು. ದಣಿದ ಮುಖ. ಬೆರಳ ತುದಿಗಳು ಒದ್ದೆ ಬಟ್ಟೆ ಹಿಡಿದು ಹಿಡಿದು ಬಿರಿದಿದ್ದವು.

ಬೊಜೆನಾಳೇ ಮೊದಲು ತೋಳು ಮೇಲೇರಿಸಿದಳು. ಮೊಣಕೈಯಿಂದ ಮಣಿಕಟ್ಟಿನವರೆಗೆ ನೇರವಾದ ಕಂದು ಗೆರೆ. "ಕೆಟಲ್ ಅಲ್ಲ" ಎಂದಳು.

ಗ್ಲೆನಿಸ್ ಜೇಬಿಗೆ ಕೈ ಹಾಕಿ ಕ್ಲಿಪ್ಪು ತೆಗೆದು ಮೇಜಿನ ಮೇಲಿಟ್ಟಳು. ಮಾತು ಒಂದೊಂದಾಗಿ ಬಂತು. "ಇವಳಿಗೆ ಕಲಿಸಿದ್ದು ನಾನು. ಎಲ್ಲರಿಗೂ ನಾನೇ. ಅರ್ಧ ಮೊಳ ದೂರ ಇಟ್ಕೋ ಕೈನ, ಏನೂ ಆಗಲ್ಲ ಅಂತ ಹೇಳಿ ಕಲಿಸಿದೆ."

"ಎಷ್ಟು ಜನಕ್ಕೆ ಕಲಿಸಿದೀರಿ?"

"ಹದಿನೈದು ಜನಕ್ಕಾದ್ರೂ."

ಹೋಗಲಿ ಬಿಡಿ ಎಂದು ಹೆಸ್ಟರ್ ಸಮಾಧಾನದ ಮಾತಾಡಬಹುದೆಂದು ಗ್ಲೆನಿಸ್ ಕಾದಳು. ಹೆಸ್ಟರ್ ಹಾಗೆ ಹೇಳಲಿಲ್ಲ. "ಹಾಗಾದ್ರೆ ಇದು ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ. ಯಂತ್ರ ಆರಿಸಿ, ತಣ್ಣಗಾದ ಮೇಲೆ ನನಗೂ ಹೇಳಿಕೊಡಿ" ಎಂದಳು.

ಪಾಳಿ ಮುಗಿದ ಮೇಲೆ ತಣ್ಣಗಾದ ಯಂತ್ರದ ಮುಂದೆ ಗ್ಲೆನಿಸ್ ಕ್ಲಿಪ್ಪು ಸಿಕ್ಕಿಸಿ, ಬಾಗಿ, ಕೈ ಒಳಗಿಟ್ಟು ತೋರಿಸಿದಳು. ಹೆಸ್ಟರ್ ಅಳತೆಪಟ್ಟಿ ಹಿಡಿದು ಬೆರಳಿಗೂ ಉರುಳೆಗೂ ನಡುವಿನ ಸಂದು ಅಳೆದಳು.

"ಅರ್ಧ ಮೊಳ ಅಂದ್ರಲ್ಲ. ನಾಲ್ಕು ಬೆರಳಿನ ಅಗಲವೂ ಇಲ್ಲ ಇದು. ಇನ್ನೊಂದು ಸಲ ಮಾಡಿ."

ಇನ್ನೊಂದು ಸಲ, ಮತ್ತೊಂದು ಸಲ. ಅಳತೆ ಬದಲಾಗಲಿಲ್ಲ. ಮೂರನೆಯ ಸಲ ಗ್ಲೆನಿಸ್ ಕೈ ಹೊರಗೆಳೆದಳು. ದಿನಕ್ಕೆ ಎಂಟೊಂಬತ್ತು ಸಲದಂತೆ ಇಷ್ಟು ವರ್ಷ ತಾನು ಎಲ್ಲಿ ಕೈ ಇಟ್ಟಿದ್ದೆ ಎಂದು ಅವಳಿಗೆ ಆಗ ಹೊಳೆಯಿತು. ಪಕ್ಕದ ಗಾಡಿಯ ಅಂಚಿನ ಮೇಲೆ ಕೂತುಬಿಟ್ಟಳು. ಹೆಸ್ಟರ್ ಪಕ್ಕದಲ್ಲಿ ಕೂತು ಪೆನ್ನು ತೆಗೆದಳು. ಹಳೆಯ ಪುಟವನ್ನು ಹರಿಯಲಿಲ್ಲ. ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದು, ಕೆಳಗೆ 'ನಾನು ನೋಡದೆ ಬರೆದದ್ದು, ತಪ್ಪು' ಎಂದು ಬರೆದು ರುಜು ಹಾಕಿದಳು. ಹೊಸ ಪುಟ ಶುರುವಾಯಿತು. ಒಂದು ವಾಕ್ಯ ಬರೆಯುವಳು, ಗ್ಲೆನಿಸ್‌ಗೆ ಓದಿ ಹೇಳುವಳು, "ಹೀಗೇ ತಾನೆ?" ಎಂದು ಕೇಳುವಳು. ಗ್ಲೆನಿಸ್ "ಎಳೀತೀವಿ ಅಲ್ಲ, ಬಗ್ಗಿ ಎಳೀತೀವಿ" ಎಂದರೆ ತಿದ್ದುವಳು.

ಮರುದಿನ ಸ್ಟಾದರ್ ಇಬ್ಬರನ್ನೂ ಮೇಲಕ್ಕೆ ಕರೆಸಿದ. ಹೊಸ ಪುಟ ಅವನ ಮುಂದಿತ್ತು.

"ಇದನ್ನ ಹೀಗೆ ಬರೆಯೋದಾ ಹೆಸ್ಟರ್? 'ಕೆಲಸಗಾರರು ಕಾವಲು ಪಟ್ಟಿಯನ್ನು ಕಟ್ಟಿಹಾಕಿ ದಿನವೂ ಕೈ ಹಾಕುತ್ತಾರೆ. ಕಾರಣ, ನಿಲ್ಲಿಸಿದರೆ ಲಾರಿ ತಪ್ಪುತ್ತದೆ.' ಸರ್ಕಾರದ ಇನ್‌ಸ್ಪೆಕ್ಟರ್ ನೋಡಿದ್ರೆ ನನ್ನ ಗತಿ ಏನು? ಕೈ ಹಾಕಬಾರದು ಅಂತ ಕೆಲಸಗಾರರಿಗೆ ತಿಳಿಸಲಾಗಿದೆ ಅಂತ ಬರೀರಿ, ಸಾಕು."

"ಅದು ಆಗಲೇ ಎರಡು ವರ್ಷದಿಂದ ಪುಸ್ತಕದಲ್ಲಿತ್ತಲ್ಲ. ಬೊಜೆನಾ ಕೈ ಸುಟ್ಟಾಗಲೂ ಇತ್ತು."

"ಸರಿ, ಇನ್ಮೇಲೆ ಹಾಗೆ ಮಾಡಿದೋರನ್ನ ಮನೆಗೆ ಕಳಿಸ್ತೀನಿ. ಆಯ್ತಲ್ಲ?"

"ಕಳಿಸಿ. ಲಾರಿ ಅರ್ಧ ಖಾಲಿ ಹೋಗತ್ತೆ. ಸೋಮವಾರ ನೋಡಿದ್ರಲ್ಲ."

ಸ್ಟಾದರ್ ಪುಟವನ್ನು ಅವಳ ಕಡೆ ತಳ್ಳಿದ. "ಇದನ್ನ ತೆಗೆದುಬಿಡಿ."

ಹೆಸ್ಟರ್ ದನಿ ಏರಿಸಲಿಲ್ಲ. ತನ್ನ ಪೆನ್ನನ್ನು ಅವನ ಮುಂದಿಟ್ಟಳು. "ನಾನು ತೆಗೆಯಲ್ಲ. ನಿಮಗೆ ಬೇಡ ಅನ್ನಿಸಿದ್ರೆ ನೀವೇ ಗೀಟು ಹಾಕಿ, ನಿಮ್ಮ ಹೆಸರು, ಇವತ್ತಿನ ತಾರೀಖು ಬರೀರಿ. ನನ್ನದನ್ನ ನಾನು ಹಾಗೇ ಹೊಡೆದುಹಾಕಿದೀನಿ."

ಕಿಟಕಿಯಾಚೆ ಹಂಬರ್ ನದಿಯ ಮೇಲೆ ಮಂಜು ಕೂತಿತ್ತು. ಸ್ಟಾದರ್ ಪೆನ್ನು ನೋಡಿದ, ಪುಟ ನೋಡಿದ, ಆಮೇಲೆ ಗ್ಲೆನಿಸಳನ್ನು ನೋಡಿದ. ಅವನು ಕೆಟ್ಟವನಲ್ಲ, ಲಾರಿಗೂ ಆಸ್ಪತ್ರೆಯ ಫೋನಿಗೂ ಹೆದರಿಯೇ ದಿನ ಕಳೆಯುವವನು ಎಂದು ಗ್ಲೆನಿಸ್‌ಗೆ ಗೊತ್ತಿತ್ತು.

"ನೀನೂ ಹೀಗೇ ಮಾಡ್ತಿದ್ಯಾ ಗ್ಲೆನಿಸ್?"

"ನಾನೇ ಶುರು ಮಾಡಿದ್ದು ನೆವಿಲ್. ಪುಟದಲ್ಲಿ ಅದೂ ಇದೆ, ನಾನೇ ಬರೆಸಿದೀನಿ."

ಅವನು ಬಹಳ ಹೊತ್ತು ಹಣೆ ಉಜ್ಜಿಕೊಂಡ. ಪೆನ್ನು ಮುಟ್ಟಲಿಲ್ಲ. "ಸರಿ, ಈಗ ನನಗೂ ಗೊತ್ತಾಯ್ತು. ಗೊತ್ತಿಲ್ಲ ಅನ್ನೋ ಹಾಗಿಲ್ಲ. ಏನ್ ಮಾಡ್ಬೇಕು ಹೇಳಿ."

"ನನಗೆ ಗೊತ್ತಿಲ್ಲ" ಎಂದಳು ಹೆಸ್ಟರ್. "ಕೆಳಗೆ ಕೇಳೋಣ."

ಕೆಳಗೆ ಕೇಳಿದಾಗ ಒಬ್ಬೊಬ್ಬರು ಒಂದೊಂದು ಹೇಳಿದರು. ಬೊಜೆನಾ ಕೊನೆಗೆ ಬಾಯಿಬಿಟ್ಟಳು. "ಎಲ್ಲ ಬಟ್ಟೆ ಸುತ್ಕೊಳ್ಳಲ್ಲ. ಎರಡನೇ ಒಗೆಯೋ ಯಂತ್ರದಿಂದ ಬಂದಿದ್ದು ಮಾತ್ರ. ಮುಟ್ಟಿದ್ರೆ ಜಾರತ್ತೆ, ಸೋಪು ಹೋಗಿರಲ್ಲ. ಸೋಪು ಬಿಸಿ ಕಬ್ಬಿಣಕ್ಕೆ ಅಂಟತ್ತೆ. ನಮ್ಮಜ್ಜಿ ಇಸ್ತ್ರಿ ಪೆಟ್ಟಿಗೇಲಿ ನೋಡಿದೀನಿ."

"ಇಷ್ಟು ದಿನ ಯಾಕೇ ಹೇಳಲಿಲ್ಲ ನೀನು?" ಗ್ಲೆನಿಸ್ ಕೇಳಿದಳು.

"ಯಾರು ಕೇಳಿದ್ರು?"

ಎಲ್ಲರೂ ಎರಡನೇ ಯಂತ್ರದ ಹತ್ತಿರ ಹೋಗಿ ನೋಡಿದರು. ನೀರು ಉಳಿಸಲೆಂದು ಮೂರು ಸಲ ಜಾಲಿಸುವ ಕಡೆ ಯಾರೋ ಎಂದೋ ಎರಡಕ್ಕೆ ಇಳಿಸಿದ್ದರು. ಸ್ಟಾದರ್ ಅಲ್ಲೇ ನಿಂತು ಅದನ್ನು ಮತ್ತೆ ಮೂರು ಮಾಡಿಸಿದ. ನಾಲ್ಕನೇ ಯಂತ್ರವನ್ನು ಒಂಬತ್ತು ದಿನ ಪೂರ್ತಿ ನಿಲ್ಲಿಸಿ, ಅದರ ಬಟ್ಟೆಯನ್ನು ಕಂಪನಿಯ ಬೇರೆ ಲಾಂಡ್ರಿಗೆ ಕಳಿಸಿದ. ಕಾವಲು ಪಟ್ಟಿಯ ಸಂದಿಗೆ ಏನೂ ತೂರದಂತೆ ತಗಡು ಕೂರಿಸಿದರು. ಬೀಗದ ಕೈ ಹಬೆಕೋಣೆಯಿಂದ ಮೇಸ್ತ್ರಿಯ ಸೊಂಟಕ್ಕೆ ಬಂತು. ಆಸ್ಪತ್ರೆಯ ಜೊತೆ ಮಾತಾಡಿ ಲಾರಿಯನ್ನು ಮೂರು ಗಂಟೆಗೆ ಮಾಡಿಸಲು ಸ್ಟಾದರ್‌ಗೆ ನಾಲ್ಕೇ ಫೋನು ಸಾಕಾದವು. ಅಷ್ಟು ಸಲೀಸಾಗಿ ಒಪ್ಪುತ್ತಾರೆಂದು ಅವನು ಎಣಿಸಿಯೇ ಇರಲಿಲ್ಲ.

ಮಾರ್ಚ್ ಕೊನೆಯ ಹೊತ್ತಿಗೆ ನಾಲ್ಕನೇ ಯಂತ್ರ ಪಾಳಿಗೆ ಒಂದು ಸಲ ಸುತ್ತಿಕೊಂಡರೆ ಹೆಚ್ಚು. ಕೆಲವು ದಿನ ಅದೂ ಇಲ್ಲ. ಸುತ್ತಿಕೊಂಡರೆ ನಿಲ್ಲಿಸುತ್ತಾರೆ, ಬಿಡಿಸುತ್ತಾರೆ, ಹೊರಡಿಸುತ್ತಾರೆ. ಹೊಸದಾಗಿ ಬಂದ ಇಬ್ಬರಿಗೆ ಗ್ಲೆನಿಸ್ ಆ ಪುಟ ಓದಿಸಿದಳು. ಕೆಳಗೆ 'ತಿಳಿಸಿದವರು' ಎಂಬಲ್ಲಿ ತನ್ನದೂ ಬೊಜೆನಾಳದೂ ಹೆಸರಿತ್ತು. "ಇದು ನಾನು ಮಾಡಿದ ತಪ್ಪು, ಓದ್ಕೊಳ್ಳಿ" ಎಂದು ಹೇಳುವಾಗ ಅವಳಿಗೆ ನಾಚಿಕೆಯಾಗುತ್ತಿತ್ತು. ಆದರೂ ಪ್ರತಿ ಸಲ ಹೇಳುತ್ತಿದ್ದಳು. ಹೆಸ್ಟರ್ ತನ್ನ ತಪ್ಪು ಒಪ್ಪಿಕೊಂಡದ್ದನ್ನು ಕಣ್ಣಾರೆ ಕಂಡ ಮೇಲೆ ತಾನು ಮುಚ್ಚಿಡುವುದು ಹೇಗೆ ಎಂಬುದು ಅವಳ ಯೋಚನೆ.

ಏಪ್ರಿಲ್‌ನಲ್ಲಿ ಹೆಸ್ಟರ್ ಮತ್ತೆ ಬಂದಳು. ನಾಲ್ಕನೇ ಯಂತ್ರದ ಮುಂದೆ ಒಂದು ಗಂಟೆ ನಿಂತು ನೋಡಿ, ಬರೆದುಕೊಂಡಳು. ಹೊರಡುವ ಮೊದಲು ಚಹಾಕ್ಕೆ ಕೂತಾಗ, ಕೊಳೆ ಬಟ್ಟೆ ಬೇರ್ಪಡಿಸುವ ಕೋಣೆಯ ಬಾಗಿಲು ತೆರೆದು ಆರ್ಥರ್ ಗೌಟನ್ ಹೊರಗೆ ಬಂದ. ಅರವತ್ತರ ಗಂಡಸು. ಆಸ್ಪತ್ರೆಯಿಂದ ಬರುವ ರಕ್ತದ ಚೀಲ, ಸೂಜಿ, ಕತ್ತರಿ ಸಿಕ್ಕಿಕೊಂಡ ಬಟ್ಟೆಗಳನ್ನೆಲ್ಲ ಆರಿಸುವ ಕೆಲಸ ಅವನದು. ಯಾರೊಂದಿಗೂ ಹೆಚ್ಚು ಮಾತಾಡಿದವನಲ್ಲ. ಕೈಗವಸು ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮೇಜಿನ ಹತ್ತಿರ ನಿಂತ.

"ಆ ಪುಸ್ತಕದೋರು ನೀವೇನಾ ತಾಯಿ?"

"ಹೌದು."

"ನನ್ನ ಕೋಣೆ ಪುಟದಲ್ಲಿ ಏನ್ ಬರೆದಿದೆಯೋ ನಾನು ನೋಡಿಲ್ಲ. ಬಂದು ಒಂದು ದಿನ ನನ್ನ ಜೊತೆ ನಿಲ್ತೀರಾ? ತೋರಿಸೋದು ಬಹಳ ಇದೆ."

ಹೆಸ್ಟರ್ ಅರ್ಧ ಕುಡಿದ ಚಹಾ ಹಾಗೇ ಬಿಟ್ಟು ಎದ್ದಳು. ಗ್ಲೆನಿಸ್ ಗೂಟದಿಂದ ಒಂದು ನಿಲುವಂಗಿ ತೆಗೆದು, ದಪ್ಪ ಕೈಗವಸಿನ ಜೋಡಿಯೊಂದನ್ನು ಹುಡುಕಿ, ಹರಿದಿಲ್ಲವೆಂದು ಬೆರಳು ಬೆರಳಾಗಿ ನೋಡಿ ಅವಳ ಕೈಗೆ ಕೊಟ್ಟಳು.