ಯಾರ ಮೇಲೂ ಇಲ್ಲದ ಮುನಿಸು

"ತಮ್ಮ ಊಟ ಬಿಟ್ಟು ಮೂರು ದಿನ ಆಯ್ತು ಅಪ್ಪಾ. ಇನ್ನೂ ಎಷ್ಟು ಕುಟ್ತೀಯ?"

ಕಿಯೊಸಿ ತಲೆ ಎತ್ತಲಿಲ್ಲ. ಬೆಂದ ಜೀಗುಜ್ಜೆ ಕಾಯಿಯನ್ನು ಹಲಗೆಯ ಮೇಲೆ ಹಾಕಿಕೊಂಡು ಹವಳದ ಕಲ್ಲಿನ ಗುಂಡಿನಿಂದ ಜಜ್ಜುತ್ತಲೇ ಇದ್ದ. ಅಂಗೈಯನ್ನು ನೀರಿಗದ್ದುವುದು, ಮುದ್ದೆಯನ್ನು ಮಡಚುವುದು, ಮತ್ತೆ ಕುಟ್ಟುವುದು. ಮರುದಿನ ಭಾನುವಾರ. ಪಾದ್ರಿ ಬಾರದ ವಾರಗಳಲ್ಲಿ ಇಗರ್ಜಿಯ ಪ್ರಾರ್ಥನೆ ನಡೆಸುವವನು ಅವನೇ. ಪ್ರಾರ್ಥನೆ ಮುಗಿದ ಮೇಲೆ ಊರಿಗೆ ಊಟವಾಗಬೇಕು.

"ಹಸಿವಾದ್ರೆ ಅವನೇ ಬರ್ತಾನೆ," ಎಂದ.

"ಆನಿಟೊ ಬಂದ್ನಾ?"

ಗುಂಡು ಗಾಳಿಯಲ್ಲೇ ನಿಂತಿತು. ನಾಲ್ಕು ವರ್ಷಗಳಿಂದ ಆ ಅಡುಗೆ ಚಪ್ಪರದಲ್ಲಿ ಯಾರೂ ಆಡದ ಹೆಸರನ್ನು ಮಗಳು ಎರ್ಸಿನಾ ಆಡಿಬಿಟ್ಟಿದ್ದಳು. ಆಡಿದ ಮೇಲೂ ಅವಳ ಮುಖ ಕೆಳಗಾಗಲಿಲ್ಲ.

ಶಾಂತ ಸಾಗರದ ನಮ್ಮ ಚೂಕ್ ದ್ವೀಪಗಳಲ್ಲಿ ಮುನಿಸಿಗೂ ಒಂದು ಕ್ರಮವುಂಟು. ಮನಸ್ಸು ನೊಂದ ಮಕ್ಕಳು ಹಿರಿಯರಿಗೆ ಎದುರು ಮಾತಾಡುವುದಿಲ್ಲ. ಊಟ ಬಿಟ್ಟು, ಮಾತು ಬಿಟ್ಟು, ಎಲ್ಲಾದರೂ ಹೋಗಿ ಮಲಗುತ್ತಾರೆ. ನೋಯಿಸಿದವರು ಒಂದು ತುತ್ತು ಊಟ, ಒಂದು ಮೆತ್ತನೆಯ ಮಾತು ತೆಗೆದುಕೊಂಡು ಹೋಗಬೇಕು. ಅಲ್ಲಿಗೆ ಮುಗಿಯಿತು. ಆದರೆ ಹಿರಿಯ ಮಗ ಆನಿಟೊನನ್ನು ಕಿಯೊಸಿ ಇಗರ್ಜಿಯ ಅಂಗಳದಲ್ಲಿ, ಎಲ್ಲರೆದುರು ಕುಡುಕನೆಂದು ಬೈದಾಗ ಹೀಗಾಗಲಿಲ್ಲ. ಅವನು ದಡದ ದೋಣಿಮನೆಗೆ ಹೋಗಿ ಮಲಗಿದ. ಕಿಯೊಸಿ ಹೋಗಲಿಲ್ಲ. ಎರಡನೆಯ ಬೆಳಗಾಗುವಷ್ಟರಲ್ಲಿ ಆನಿಟೊ ತನ್ನ ಜೀವವನ್ನು ತಾನೇ ಕಳೆದುಕೊಂಡಿದ್ದ. ಸತ್ತವನಿಗಾಗಿ ಒಂಬತ್ತು ದಿನದ ಪ್ರಾರ್ಥನೆಯನ್ನು ತಂದೆಯೇ ನಡೆಸಿದ, ಒಂದು ಸಲವೂ ದನಿ ಒಡೆಯದಂತೆ.

ಈಗ ಅದೇ ದೋಣಿಮನೆಯಲ್ಲಿ ಕಿರಿಯವನು, ಇಪ್ಪತ್ತಾರರ ಮಾತಾಸ್, ಗೋಡೆಯ ಕಡೆ ತಿರುಗಿ ಮಲಗಿದ್ದ. "ಇವನಿಗೇನಂದೆ ಕಿಯೊಸಿ?" ಎಂದು ಎದುರಿಗೆ ಸಿಕ್ಕವರೆಲ್ಲ ಕೇಳುತ್ತಿದ್ದರು. ಏನೂ ಅಂದಿರಲಿಲ್ಲ. ನಾಲ್ಕು ವರ್ಷದಲ್ಲಿ ಅವನಿಗೆ ಒಂದು ಗಟ್ಟಿ ಮಾತನ್ನೂ ಅಂದಿರಲಿಲ್ಲ. ಅದಕ್ಕೇ ಕಿಯೊಸಿಗೆ ಇನ್ನಷ್ಟು ಸಿಟ್ಟು.

"ನನ್ನ ಮಾನ ಕಳೀಬೇಕು ಅಂತಲೇ ಮಲಗಿದಾನೆ," ಎಂದ.

"ನಿನ್ನ ಮಾನ!" ಎರ್ಸಿನಾ ಉಗಿಯುವವಳಂತೆ ಅಂದಳು. "ಗಂಡಸರ ದೋಣಿಮನೆ, ಅಕ್ಕ ಆದವಳು ಹೊಸ್ತಿಲು ದಾಟೋ ಹಾಗಿಲ್ಲ. ಇಲ್ದಿದ್ರೆ ನಿನ್ನ ಮುಂದೆ ಯಾಕೆ ನಿಲ್ತಿದ್ದೆ? ಕೇಳ್ಕೋ. ಈ ಮುದ್ದೆ ಇಗರ್ಜಿಗೆ ಹೋದ್ರೆ, ನಾನು ಆ ಹೊಸ್ತಿಲು ದಾಟ್ತೀನಿ. ಊರು ಏನು ಬೇಕಾದ್ರೂ ಅನ್ಲಿ. ಇನ್ನೊಬ್ಬನ್ನ ಹೂಳೋಕೆ ನನ್ನ ಕೈಲಿ ಆಗಲ್ಲ."

ಕಿಯೊಸಿ ಮುದ್ದೆಯನ್ನು ಎಲೆಯಲ್ಲಿ ಸುತ್ತಿದ. ಕೈಯಲ್ಲಿ ಹಿಡಿದು ಹೊರಟ.

ದಡದ ದಾರಿಯಲ್ಲಿ ನೆರೆಯ ತಾಕೆಯೊ ಬಲೆ ಹೆಣೆಯುತ್ತಾ ಕೂತಿದ್ದ.

"ಏನು ಕಿಯೊಸಿ, ಈ ಸಲ ಕಾಲು ಬಂತಾ?"

"ನಿನ್ನ ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕೊಳ್ಲಿ!" ಎಂದು ಕಿಯೊಸಿ ನಡೆದೇ ನಡೆದ.

ದೋಣಿಮನೆಯೊಳಗೆ ಬಿಸಿಲು ಸೂರಿನ ಗರಿಗಳ ಸಂದಿಯಿಂದ ಚೂರುಚೂರಾಗಿ ಬಿದ್ದಿತ್ತು. ಚಾಪೆಯ ಪಕ್ಕದ ಚಿಪ್ಪಿನಲ್ಲಿ ನೀರು ಹಾಗೇ ಇತ್ತು. ಮಾತಾಸನ ಬೆನ್ನೆಲುಬು ಒಂದೊಂದಾಗಿ ಕಾಣುತ್ತಿತ್ತು. ಕಿಯೊಸಿ ಮರಳಿನ ಮೇಲೆ ಕೂತು ಎಲೆ ಬಿಚ್ಚಿಟ್ಟ.

"ಏಳು. ಊಟ ತಂದಿದೀನಿ. ನನ್ನದು ತಪ್ಪಾಯ್ತು."

"ಯಾವ ತಪ್ಪು?" ಗೋಡೆಯ ಕಡೆಯಿಂದಲೇ ಬಂತು ದನಿ.

"ನೀನೇ ಹೇಳು. ದೋಣಿ ಎಂಜಿನ್ ಮಾರಿದ್ದಕ್ಕಾ?"

"ಅಲ್ಲ."

"ಕೆಲಸಕ್ಕೆ ಗುವಾಮ್‌ಗೆ ಕಳಿಸ್ಲಿಲ್ಲ ಅಂತಾನಾ?"

"ನಾನು ಕೇಳ್ಲೇ ಇಲ್ವಲ್ಲ."

"ಮತ್ತೆ ಏನು ಮಾರಾಯ?"

"ಏನೂ ಇಲ್ಲ ಅಪ್ಪಾ. ನಿನ್ನ ಮೇಲೆ ಮುನಿಸಿಲ್ಲ. ಯಾರ ಮೇಲೂ ಇಲ್ಲ."

ಕಿಯೊಸಿಗೆ ರೇಗಿತು. "ಯಾರ ಮೇಲೂ ಇಲ್ದೆ ಮೂರು ದಿನ ಉಪವಾಸ ಬೀಳ್ತಾರಾ? ನನ್ನನ್ನ ಊರಿನ ನಾಲಿಗೆಗೆ ಹಾಕೋಕಾ?"

"ಮುನಿಸಾಗಿದ್ರೆ ಚೆನ್ನಾಗಿತ್ತು. ನೀನು ಬಂದೆ, ನಾನು ತಿಂದೆ, ಮುಗೀತು." ಮಾತಾಸ್ ಉಸಿರು ಎಳೆದುಕೊಂಡ. "ಇದು ಹಾಗಲ್ಲ. ಬೆಳಿಗ್ಗೆ ಕಣ್ಣು ಬಿಡೋ ಮುಂಚೆಯೇ ಎದೆ ಮೇಲೆ ಬಂದು ಕೂತಿರುತ್ತೆ. ಕೈ ಎತ್ತೋಕೂ ಬಿಡಲ್ಲ. ಆನಿಟೊ ಹೋದಾಗಿಂದ ಹೀಗೇ. ಒಂದೊಂದು ತಿಂಗಳು ಎದ್ದು ಹೋಗುತ್ತೆ. ಮತ್ತೆ ಬರುತ್ತೆ."

 ತಪ್ಪಿಗೆ ಊಟವಿತ್ತು, ಮಾತಿತ್ತು, ಹಿರಿಯರು ಹಾಕಿಕೊಟ್ಟ ದಾರಿಯಿತ್ತು. ಇದಕ್ಕೆ ಯಾರೂ ಏನನ್ನೂ ಕಲಿಸಿರಲಿಲ್ಲ. ಕಿಯೊಸಿ ಒಳಗೊಳಗೇ ದೇವರನ್ನು ಕರೆದ. ದೇವರೂ ಅವನ ಹಾಗೆಯೇ ಮರಳಿನ ಮೇಲೆ ಕೂತುಬಿಟ್ಟಿದ್ದಾನೇನೋ ಎನ್ನಿಸುವಷ್ಟು ನಿಶ್ಶಬ್ದ. ಕೊನೆಗೆ ಕೇಳಬಾರದೆಂದು ಮೂರು ದಿನ ಅದುಮಿಟ್ಟಿದ್ದನ್ನೇ ಕೇಳಿದ.

"ನೀನೂ ಅಣ್ಣನ ಹಾಗೆ ಮಾಡ್ಕೋಬೇಕು ಅಂತಿದೀಯಾ?"

ಮಾತಾಸ್ ಚಾಪೆಗೆ ಮುಖ ಒತ್ತಿದ.

"ನಿನ್ನೆ ಅನ್ನಿಸ್ತು. ಇವತ್ತು ಅಷ್ಟಿಲ್ಲ."

ಕಿಯೊಸಿಯ ಕೈ ಮರಳನ್ನು ಹಿಡಿಯಿತು, ಬಿಟ್ಟಿತು. "ಆವತ್ತು ನಾನು ಬಂದಿದ್ದೆ," ಎಂದ.

"ಯಾವತ್ತು?"

"ಆನಿಟೊ ಇಲ್ಲಿ ಮಲಗಿದ್ದಾಗ. ಮೀನು ಸುಟ್ಕೊಂಡು ಬಂದಿದ್ದೆ. ದಡದ ತನಕ ಬಂದೆ. ತಾಕೆಯೊ, ಅವನ ತಮ್ಮಂದಿರು, ಎಲ್ಲ ನೋಡ್ತಿದ್ರು. ಮಗನ ಹತ್ರ ತಲೆ ಬಗ್ಗಿಸೋಕೆ ಹೊರಟ ಅಂತಾರೆ ಅನ್ನಿಸ್ತು. ಕಾಲು ತೊಳೆಯೋಕೆ ಬಂದವನ ಹಾಗೆ ಮಾಡಿ ತಿರುಗಿ ಹೋದೆ."

ಮಾತಾಸ್ ಮೊದಲ ಸಲ ಈ ಕಡೆ ತಿರುಗಿದ. ಕಣ್ಣು ಗುಳಿಬಿದ್ದಿತ್ತು.

"ನೀನು ಮನೆ ಬಿಟ್ಟೇ ಹೊರಡ್ಲಿಲ್ಲ ಅಂದ್ಕೊಂಡಿದ್ವಿ."

"ಎರಡೂ ಒಂದೇ ಅಲ್ವಾ?"

"ಒಂದೇ ಅಲ್ಲ. ಇದು ಅದಕ್ಕಿಂತ ಕೆಟ್ಟದ್ದು."

"ಹೌದು," ಎಂದ ಕಿಯೊಸಿ.

ಹೊಡೆದ ಮೇಲೆ ಕೈ ನೋಡಿಕೊಳ್ಳುವವನಂತೆ ಮಾತಾಸ್ ಅಪ್ಪನನ್ನೇ ನೋಡಿದ. ಕಿಯೊಸಿ ಮೂಗು ಒರೆಸಿಕೊಂಡ.

"ನಿಮ್ಮಕ್ಕ ಆಸ್ಪತ್ರೆ ನರ್ಸಮ್ಮನ್ನ ಕೇಳ್ಕೊಂಡು ಬಂದಿದಾಳೆ, ನಾನೇ ಕಿವಿಗೆ ಹಾಕ್ಕೊಂಡಿರ್ಲಿಲ್ಲ. ವೆನೋ ದ್ವೀಪದಲ್ಲಿ ಇಂಥದ್ದಕ್ಕೇ ಒಬ್ಬ ಡಾಕ್ಟರು ಇದಾರಂತೆ. ಸೋಮವಾರದ ದೋಣಿಗೆ ಹೋಗೋಣ."

"ನಿನ್ನ ಜೊತೆಗಾ? ದಾರಿ ಉದ್ದಕ್ಕೂ ಜಪಮಾಲೆ ಎಣಿಸ್ತೀಯ."

"ಎಣಿಸಲ್ಲ."

"ಎಣಿಸ್ತೀಯ."

"ಒಳಗೊಳಗೇ ಎಣಿಸ್ತೀನಿ. ಬರ್ತೀಯಾ?"

ಮಾತಾಸ್ ಮೊಣಕೈ ಊರಿ, ಎಲೆಯ ಅಂಚಿನಿಂದ ಉಗುರಿನಷ್ಟು ಮುದ್ದೆ ಚಿವುಟಿ ಬಾಯಿಗೆ ಹಾಕಿಕೊಂಡ. ಬಹಳ ಹೊತ್ತು ಅಗಿದ.

"ಗಂಟು ಗಂಟು," ಎಂದ. "ಯಾರಿಗೆ ಕುಟ್ಟಿದ್ದು ಇದನ್ನ, ಹಂದಿಗಾ?"

ಬೇರೆ ಯಾರಾದರೂ ಆಗಿದ್ದರೆ ಕಿಯೊಸಿ ಸುಮ್ಮನೆ ಬಿಡುತ್ತಿರಲಿಲ್ಲ. "ನೀನು ಕುಟ್ಟು ನಾಳೆ, ನೋಡೋಣ," ಎಂದಷ್ಟೇ ಅಂದ. ಎದ್ದು ಹೋಗಲಿಲ್ಲ. ಇಗರ್ಜಿಯ ಮೊದಲ ಗಂಟೆ ಹೊಡೆಯಿತು. ಪ್ರಾರ್ಥನೆ ನಡೆಸಬೇಕಾದ ಅವನಿಗಾಗಿಯೇ ಹೊಡೆದದ್ದು. ಸಂಜೆಯ ಪ್ರಾರ್ಥನೆಗೆ ಜನ ಸೇರುತ್ತಿದ್ದರು. ಎರಡನೆಯದೂ ಹೊಡೆಯಿತು. ತಾಕೆಯೊ ಬಾಗಿಲಲ್ಲಿ ಇಣುಕಿ ನೋಡಿ ಹೋದ. ಕಿಯೊಸಿ ಕತ್ತೂ ತಿರುಗಿಸಲಿಲ್ಲ.

ಮಾತಾಸ್ ಮತ್ತೆ ಮಲಗಿಕೊಂಡ. ಈ ಸಲ ಗೋಡೆಯ ಕಡೆಗಲ್ಲ. ಸ್ವಲ್ಪ ಹೊತ್ತಿನ ಮೇಲೆ ಕಾಲು ಮಡಚಿಕೊಂಡ. ಚಾಪೆಯ ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗವಾಯಿತು.