ಬಾಯಿ ಮುಚ್ಚಿ ಓದಿದ್ದು

ಸ್ವಾತಂತ್ರ್ಯ ಬಂದ ಹೊಸತರಲ್ಲಿ, ಹೊಗೆಸೊಪ್ಪು ಬೆಳೆಯುವ ಪುಟ್ಟಮಲ್ಲಪ್ಪ ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತು ತಾನೂ ಪಂಡಿತನಾದೆನೆಂದು ಬೀಗಿದ. ಹುಣಸೂರಿನ ವಾಚನಾಲಯಕ್ಕೆ ಹೋಗಿ, ಜಗಲಿಯಲ್ಲಿ ಪುರಾಣ ಓದುವವರ ಹಾಗೆ ರಾಗ ಎಳೆದು ಪೇಪರು ಓದತೊಡಗಿದ. ಎಲ್ಲರೂ ತಲೆಯೆತ್ತಿ ನೋಡಿದರು. ತನ್ನ ಓದಿಗೆ ಮನಸೋತಿದ್ದಾರೆಂದು ದನಿ ಏರಿಸಿದ. ಮೇಲ್ವಿಚಾರಕರು ಗೋಡೆಯ ಬೋರ್ಡು ತೋರಿಸಿದರು. ಅದನ್ನೂ ರಾಗವಾಗಿಯೇ ಓದಿದ:

"ಸದ್ದು ಮಾಡಬಾರದು!"

ಎಲ್ಲರೂ ಗೊಳ್ಳೆಂದು ನಕ್ಕರು. ನಾಚಿಕೊಂಡು, ತುಟಿ ಬಿಗಿಹಿಡಿದು, ಅದೇ ಸುದ್ದಿಯನ್ನು ಮತ್ತೆ ಓದಿದ. ಚುಂಚನಕಟ್ಟೆ ಕಡೆ ಹೊಳೆ ಉಕ್ಕಿ, ನಾಟಿಯಾದ ಗದ್ದೆಗಳೆಲ್ಲ ಕೊಚ್ಚಿಹೋಗಿದ್ದವು. ಇದನ್ನೇ ಅವನು ಇಷ್ಟು ಹೊತ್ತು ಖುಷಿಯಾಗಿ ಹಾಡಿದ್ದು!

ಮನೆಗೆ ಬಂದು ಹೆಂಡತಿ ಶಿವರುದ್ರಮ್ಮನಿಗೆ ಹೇಳಿದ: "ಇಷ್ಟ್ ದಿನ ನಾನು ಓದ್ತಿರ್ಲಿಲ್ಲ ಕಣಮ್ಮಿ, ಬರೀ ಕೂಗ್ತಿದ್ದೆ."

"ಅದು ನಮ್ಮ ಎಮ್ಮೆಗೂ ಗೊತ್ತಿತ್ತು ಬುಡಿ," ಅಂದಳು ಅವಳು.