ಆಲೂಗಡ್ಡೆ ಸಮಿತಿ

ಹೋದ ರಾಜ್ಯೋತ್ಸವಕ್ಕೆ ಮಧ್ಯಪ್ರದೇಶದ ಪೀತಮ್‌ಪುರದ ನಮ್ಮ ಕನ್ನಡ ಸಂಘದಲ್ಲಿ ಮಸಾಲೆ ದೋಸೆ ಮಾಡಿದವಳು ನಾನೇ, ಲೀಲಾವತಿ. ಪಲ್ಯ ಸಿಹಿಯಾಗಿತ್ತು. ಕೋಲ್ಡ್ ಸ್ಟೋರೇಜಿನ ಚಳಿಗೆ ಆಲೂಗಡ್ಡೆ ಸಿಹಿಯಾಗುತ್ತದೆ, ಅದಕ್ಕೆ ನಾನೇನು ಮಾಡಲಿ? ವರ್ಷವಿಡೀ "ಏನ್ರೀ, ಹೂರಣದ ದೋಸೆ ಮತ್ತೆ ಯಾವಾಗ?" ಎಂದು ಗೇಲಿ ಮಾಡಿದರು. ಈ ಸಲ ಮಾನ ಉಳಿಸಿಕೊಳ್ಳಲೇಬೇಕಿತ್ತು. ಹೊಸ ಗಡ್ಡೆ ತರಿಸಿ, ಅಷ್ಟು ಸಾಕು ಎಂದು ಅಧ್ಯಕ್ಷ ದೇವೇಂದ್ರಪ್ಪನವರಿಗೆ ಹೇಳಿದೆ.

ಹೇಳಿದ್ದೇ ತಪ್ಪಾಯಿತು. ಅವರು ಸರ್ಕಾರದ ಸಚಿವಾಲಯದಲ್ಲಿ ಕಡತ ತಳ್ಳಿ ತಳ್ಳಿ ನಿವೃತ್ತರಾದವರು, ಸಮಿತಿಯಿಲ್ಲದೆ ನೀರೂ ಕುಡಿಯುವುದಿಲ್ಲ. ಗಡ್ಡೆ ಆರಿಸಲೂ ಒಂದು ಸಮಿತಿ ಮಾಡಿದರು.

"ನೋಡೀಮ್ಮಾ, ತಳಿ ಬದಲಾದ್ರೆ ವಿಟಮಿನ್ ಬದಲಾಗುತ್ತೆ. ಮಣ್ಣು, ನೀರು, ಗೊಬ್ಬರ ಬದಲಾದ್ರೆ ಪೊಟ್ಯಾಸಿಯಂ ಬದಲಾಗುತ್ತೆ. ಆತುರ ಪಟ್ಟರೆ ಹೇಗೆ?"

ಅವರ ಭಾವಮೈದುನ ಏಕನಾಥ ಹಾಸನದಿಂದ ಎರಡು ಮೂಟೆ ಕಳಿಸಿದ. ಕೆಂಪು ಮಣ್ಣಲ್ಲಿ, ಮಳೆ ನೀರಲ್ಲೇ ಬೆಳೆದ, ಆಗಷ್ಟೇ ಅಗೆದ ಗಡ್ಡೆ. ನೋಡಿ ನನಗೆ ಜೀವ ಬಂದಂತಾಯಿತು. ಅಷ್ಟರಲ್ಲಿ ಸಮಿತಿಯ ಚಂದ್ರಮೋಹನರು, "ಪಂಜಾಬಿನ ತಳಿ ಜೊತೆ ಹೋಲಿಸದೆ ಒಪ್ಪೋದಾ?" ಎಂದು ತಗಾದೆ ತೆಗೆದರು. ಸಭೆ ಮುಂದಕ್ಕೆ ಹೋಯಿತು. ಮುಂದಿನ ವಾರ ಕೋರಂ ಇರಲಿಲ್ಲ. ಅದರಾಚೆಯ ವಾರ ಚಹಾದ ಜೊತೆ ಬಂದ ಸಮೋಸಾದ ಗಡ್ಡೆ ಯಾವ ತಳಿಯದೆಂಬ ಚರ್ಚೆಯಲ್ಲೇ ಹೊತ್ತು ಮುಳುಗಿತು. ಅಲ್ಲಿಯವರೆಗೆ ಪೋಷಕಾಂಶ ಹಾಳಾಗಬಾರದೆಂದು ದೇವೇಂದ್ರಪ್ಪನವರು ಗಡ್ಡೆಗಳನ್ನೆಲ್ಲ ಸಂಘದ ದೊಡ್ಡ ಫ್ರಿಜ್ಜಿಗೆ ತುಂಬಿಸಿ, ಬೀಗ ಜಡಿದು, ಕೀಲಿ ಜೇಬಿಗಿಳಿಸಿದ್ದರು. ನನಗೆ ಒಂದು ಮಾತೂ ಹೇಳಿರಲಿಲ್ಲ.

ರಾಜ್ಯೋತ್ಸವದ ಬೆಳಿಗ್ಗೆ ಹಾಸನದ ಗಡ್ಡೆಗೇ ಒಪ್ಪಿಗೆ ಸಿಕ್ಕಿ ಫ್ರಿಜ್ ತೆರೆಯಿತು. ಬೇಯಿಸಿ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಅಯ್ಯೋ ಶಿವನೇ, ಬೆಲ್ಲ! ಹಸಿಮೆಣಸು ಸುರಿದೆ, ನಿಂಬೆ ಹಿಂಡಿದೆ, ಏನೂ ಪ್ರಯೋಜನವಾಗಲಿಲ್ಲ. ಬೇರೆ ತರಿಸೋಣವೆಂದರೆ ಜನ ಆಗಲೇ ತಟ್ಟೆ ಹಿಡಿದು ಸಾಲು ನಿಂತಿದ್ದರು. ಅದನ್ನೇ ದೋಸೆಗೆ ತುಂಬಿ ಬಡಿಸಿದೆ.

"ಮತ್ತೆ ಹೂರಣಾನೇ!" ಎಂದು ಯಾರೋ ಕೂಗಿದರು. ಸಭಾಂಗಣವೆಲ್ಲ ನಗು. ಅಳು ಉಕ್ಕಿ ಬಂತು.

ವೇದಿಕೆಯ ಮೇಲೆ ಶಾಲು ಹೊದ್ದು ಪೌಷ್ಟಿಕಾಂಶದ ಭಾಷಣ ಮಾಡುತ್ತಿದ್ದ ದೇವೇಂದ್ರಪ್ಪನವರು ಮೈಕಿನಲ್ಲೇ ಹೇಳಿದರು, "ಗಡ್ಡೆಯಲ್ಲಿ ದೋಷವಿಲ್ಲ. ಅಡುಗೆಯವರ ಕೈಗುಣ ಪರಿಶೀಲಿಸೋಕೆ ಒಂದು ಉಪಸಮಿತಿ ಮಾಡೋಣ."

ಮೈಯೆಲ್ಲ ಉರಿದುಹೋಯಿತು. ಸೌಟು ಹಿಡಿದೇ ವೇದಿಕೆ ಹತ್ತಿದೆ.

"ಅಧ್ಯಕ್ಷರೇ, ಗಡ್ಡೆ ನಿಮ್ಮದು, ಫ್ರಿಜ್ಜಿಗೆ ಹಾಕಿದ್ದು ನೀವು, ಚಳಿಗೆ ಸಿಹಿಯಾಗಿದ್ದು ಅಲ್ಲೇ. ಕಾವಲಿ ಕಾದಿದೆ, ಬನ್ನಿ, ಇನ್ನು ದೋಸೇನೂ ನೀವೇ ಹುಯ್ಯಿರಿ."

ಸೌಟನ್ನು ಅವರ ಕೈಗೆ ತುರುಕಿ, ಅವರ ಕುರ್ಚಿಯಲ್ಲೇ ಕೂತೆ.

"ನನಗೊಂದು ಮಸಾಲೆ, ಗರಿಗರಿಯಾಗಿ. ಬೇಗ ತನ್ನಿ, ಹಸಿವಾಗ್ತಿದೆ."